ತಾನೇ ತಿರುಗಿದ ಸ್ಟೀರಿಂಗ್

ಮಾಕಳಿಯ ಸರ್ವಿಸ್ ರಸ್ತೆಯಲ್ಲಿ, ಬೆಳಗ್ಗೆ ಎಂಟೂವರೆಯ ಬಿಸಿಲಿನಲ್ಲಿ, ನಾನು ಒಬ್ಬ ಮನುಷ್ಯನಿಗೆ ಹೆಲ್ಮೆಟ್ಟಿನಿಂದ ಹೊಡೆದೆ. ಎರಡು ಸಲ. ಮೊದಲ ಏಟು ಭುಜಕ್ಕೆ ತಾಗಿತು. ಎರಡನೆಯದು ಎಡಗಿವಿಯ ಮೇಲೆ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು ಬಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ನಾನು ಒಳ್ಳೆಯವನಂತೆ ಕಾಣುವ ಒಂದೆರಡು ಜಾಗಗಳಿವೆ. ಅಲ್ಲಿ ಯಾರೂ ಮೋಸ ಹೋಗಬಾರದು.

ನಾನು ಕಾರ್ ಎಲೆಕ್ಟ್ರಿಷಿಯನ್. ತುಮಕೂರಿನಲ್ಲಿ ಐಟಿಐ ಮುಗಿಸಿ ಬಂದವನು ಅದೇ ರಸ್ತೆಯ ಒಂದು ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ಕಳೆದಿದ್ದೆ. ಹಾರನ್ನಿನಿಂದ ಹಿಡಿದು ಕಾರಿನೊಳಗಿನ ಕಂಪ್ಯೂಟರ್‌ವರೆಗೆ, ವೈರು ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ನನ್ನ ಕೆಲಸ. ಬೆಳಗಿನ ತಿಂಡಿ ಮಾತ್ರ ಗ್ಯಾರೇಜಿಗೆ ನೂರು ಹೆಜ್ಜೆ ಮುಂಚೆ ನಿಲ್ಲುತ್ತಿದ್ದ ಇಡ್ಲಿ ಗಾಡಿಯಲ್ಲಿ. ಗಾಡಿ ನಡೆಸುತ್ತಿದ್ದವಳು ಅಲ್ಲೇ ಊರಿನವಳು, ಐವತ್ತು ದಾಟಿದ್ದಳು. ಲಾರಿಯವರು, ಫ್ಯಾಕ್ಟರಿಯವರು, ನಾವು, ಎಲ್ಲರಿಗೂ ಅವಳು ಅಕ್ಕ.

ಆ ದಿನ ನನ್ನ ತಟ್ಟೆಯಲ್ಲಿ ಎರಡನೇ ಇಡ್ಲಿ ಅರ್ಧ ಉಳಿದಿತ್ತು. ಪೀಣ್ಯ ಕಡೆಯಿಂದ ಒಂದು ಬಿಳಿ ಟ್ಯಾಕ್ಸಿ ಬರುತ್ತಿತ್ತು. ವೇಗವೇನೂ ಇರಲಿಲ್ಲ. ನಮ್ಮಿಂದ ಇಪ್ಪತ್ತು ಅಡಿ ದೂರದಲ್ಲಿ ರಸ್ತೆಗೆ ಅಡ್ಡ ತೋಡಿ ಮುಚ್ಚಿದ ಗುಂಡಿಯಿತ್ತು; ಅದನ್ನು ದಾಟಿದ ಕಾರು ಕತ್ತು ಹಿಡಿದು ತಿರುಗಿಸಿದ ಹಾಗೆ ಎಡಕ್ಕೆ ನುಗ್ಗಿತು. ರಸ್ತೆ ಬದಿಯ ಕಲ್ಲು ಹತ್ತಿ ನೇರ ಇಡ್ಲಿ ಗಾಡಿಗೆ ಬಡಿಯಿತು. ಗಾಡಿ ಅಕ್ಕನ ಮೇಲೆ ಮಗುಚಿತು. ಸಾಂಬಾರಿನ ಪಾತ್ರೆ ಅವಳ ತೋಳಿನ ಮೇಲೆ ಸುರಿಯಿತು. ಅವಳ ಬಲಗಾಲು ಗಾಡಿಯ ಕಬ್ಬಿಣದ ಕೆಳಗೆ ಸಿಕ್ಕಿಕೊಂಡಿತು. ಅವಳ ಕೂಗು ಕೇಳಿ ನನ್ನ ಮೈಯೆಲ್ಲ ಬಿಸಿಯಾಯಿತು.

ಡ್ರೈವರ್ ಬಾಗಿಲು ತೆಗೆದು ಇಳಿದ. ನಲವತ್ತರ ಆಸುಪಾಸು, ಸಣಕಲು ಮೈ, ಖಾಕಿ ಅಂಗಿ. ಇಳಿದವನೇ ಓಡಿದ.

"ಎಲ್ಲಿಗೋ ಓಡ್ತೀಯಾ, ನನ್ಮಗನೇ?" ಎಂದು ಒಬ್ಬ ಲಾರಿಯವನು ಕಾಲರಿಗೆ ಕೈ ಹಾಕಿ ಎಳೆದು ಕಪಾಳಕ್ಕೆ ಬಿಟ್ಟ.

"ಸರ, ನಾ ತಿರುಗಿಸಿಲ್ರಿ! ಸ್ಟೇರಿಂಗ್ ತಾನಾ ತಿರುಗ್ತರಿ! ದೇವರಾಣಿ ಸರ!"

ಮಾತಿನಲ್ಲೇ ಉತ್ತರ ಕರ್ನಾಟಕದವನೆಂದು ಗೊತ್ತಾಯಿತು. ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಅವರಲ್ಲಿ ಮೂರ್ನಾಲ್ಕು ಮಂದಿ ಕೈ ಎತ್ತಿದ್ದರೂ ಇನ್ನೂ ಹೊಡೆದಿರಲಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನು ನನ್ನ ಕಡೆ ತಿರುಗಿ ಕೇಳಿದ: "ಏನ್ ಗುರು, ನೀನು ಮೆಕ್ಯಾನಿಕ್ ಅಲ್ವಾ? ಹಂಗಾಗುತ್ತಾ?"

ಆ ಒಂದು ಪ್ರಶ್ನೆಗೆ ಎಲ್ಲರೂ ನನ್ನ ಮುಖ ನೋಡಿದರು. ಡ್ರೈವರ್ ಕೂಡ ನೋಡಿದ.

"ಸುಳ್ಳು. ಹಂಗೆಲ್ಲ ಆಗಲ್ಲ," ಎಂದೆ. "ಸ್ಟೀರಿಂಗ್ ತಾನೇ ತಿರುಗುತ್ತೇನೋ? ಯಾರಿಗೆ ಕಥೆ ಹೇಳ್ತೀಯಾ?"

ಎತ್ತಿದ್ದ ಕೈಗಳೆಲ್ಲ ಅವನ ಮೇಲೆ ಇಳಿದವು. ಅವನ ಅಂಗಿ ಹರಿದು ಎರಡು ಭಾಗವಾಯಿತು. ಒಬ್ಬ ಬೆಲ್ಟು ಬಿಚ್ಚಿದ, ಇನ್ನೊಬ್ಬ ಗಾಡಿಯಿಂದ ಬಿದ್ದಿದ್ದ ಸೌಟಿನಿಂದ ಬಾಯಿಗೆ ಹೊಡೆದ. ಅವನು ಬಿದ್ದ. ಎಬ್ಬಿಸಿ ನಿಲ್ಲಿಸಿ ಮತ್ತೆ ಹೊಡೆದರು. ನನ್ನ ಕೈಯಲ್ಲಿ ಹೆಲ್ಮೆಟ್ ಇತ್ತು. ನಾನು ಯಾರಿಗಾಗಿ ಹೊಡೆದೆ ಎಂದು ಆಮೇಲೆ ಬಹಳ ದಿನ ಕೇಳಿಕೊಂಡಿದ್ದೇನೆ. ಅಕ್ಕನಿಗಾಗಿ ಎಂದು ಹೇಳಿಕೊಳ್ಳಲು ಆಸೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅಕ್ಕ ನನ್ನ ತಲೆಯಲ್ಲೇ ಇರಲಿಲ್ಲ. ಹೊಡೆಯುವುದಕ್ಕೆ ಒಂದು ರುಚಿ ಇತ್ತು. ಅದು ಕೈಯಿಂದ ಎದೆಗೆ ಏರುತ್ತಿತ್ತು.

ಒಬ್ಬ ಹೆಂಗಸಿನ ಕಿರುಚಾಟ ನಮ್ಮನ್ನು ನಿಲ್ಲಿಸಿತು. ಗಾರ್ಮೆಂಟ್ಸಿನ ಬಸ್ಸಿಗೆ ಕಾಯುತ್ತಿದ್ದವಳು. ಒಬ್ಬಳೇ ಗಾಡಿ ಎತ್ತಲು ಹೋಗಿ ಅಂಗೈ ಎರಡೂ ಸುಟ್ಟುಕೊಂಡಿದ್ದಳು.

"ಹೊಡೆಯೋದು ಆಮೇಲೆ ಹೊಡೀರಿ! ಈ ಯಮ್ಮನ್ನ ಯಾರಾದ್ರೂ ಎತ್ರೀ! ಗಂಡಸ್ರಾ ನೀವೆಲ್ಲಾ?"

ಅಷ್ಟು ಹೊತ್ತೂ ಅಕ್ಕ ಗಾಡಿಯ ಕೆಳಗೇ ಇದ್ದಳು. ನಾಲ್ಕು ಜನ ಸೇರಿ ಒಂದೇ ಸಲಕ್ಕೆ ಗಾಡಿ ಎತ್ತಿದೆವು. ಅಷ್ಟು ಸುಲಭವಾಗಿತ್ತು.

ಆಂಬುಲೆನ್ಸ್ ಬಂತು, ಪೊಲೀಸ್ ಜೀಪ್ ಬಂತು. ಡ್ರೈವರನ್ನು ಜೀಪಿನ ಹಿಂದೆ ಹಾಕುವಾಗ ಅವನ ದವಡೆ ಒಂದು ಪಕ್ಕಕ್ಕೆ ಜಾರಿತ್ತು. ನಾನು ಗ್ಯಾರೇಜಿಗೆ ಹೋಗಿ ಕೈ ತೊಳೆದು, ಟೀ ಕುಡಿದು, ಒಂದು ಕಾರಿನ ಬ್ಯಾಟರಿ ಬದಲಾಯಿಸಿದೆ. ಬಂದವರಿಗೆಲ್ಲ, "ಸರಿಯಾಗಿ ಕೊಟ್ವಿ ಗುರು," ಎಂದು ಹೇಳಿದ್ದೂ ಇದೆ.

ವಾರ ಕಳೆದ ಮೇಲೆ ಅಕ್ಕನನ್ನು ನೋಡಲು ಆಸ್ಪತ್ರೆಗೆ ಹೋದೆ. ಕಾಲಿಗೆ ರಾಡು ಹಾಕಿದ್ದರು. ತೋಳಿನ ಚರ್ಮ ಸುಲಿದಿತ್ತು. ಅವಳು ಮೊದಲು ಕೇಳಿದ್ದು ಬೇರೇನೋ.

"ಆ ಡ್ರೈವರ್ರು ಬದುಕವ್ನಾ?"

"ಬದುಕಿದ್ದಾನೆ ಅಕ್ಕ. ಜೀವನ ಪೂರ್ತಿ ನೆನಪಿಟ್ಕೋಬೇಕು, ಹಂಗೆ ಬಾರಿಸಿದ್ವಿ."

 ಅವಳು ಅಂದಳು: "ನಾನು ಕೆಳ್ಗೆ ಬಿದ್ಕಂಡು ನಿಮ್ ಕಾಲ್ಗುಳ್ನೇ ನೋಡ್ತಿದ್ದೆ ಕಣಪ್ಪಾ. ಅವ್ನು ಇಳ್ದವ್ನೇ ನನ್ ಕಡೀಕೇ ಓಡ್ಬಂದ. ಕೈ ಇಂಗೆ ಚಾಚಿದ್ದ. ಇನ್ನೇನ್ ಇಡ್ಕಬೇಕು, ನೀವು ಎಳ್ಕಂಡೋದ್ರಿ. ನಾನು ಬುಡ್ರೋ ಬುಡ್ರೋ ಅಂತಾನೇ ಇದ್ದೆ."

ನಾನು ತಂದಿದ್ದ ಮೂಸಂಬಿಯ ಚೀಲವನ್ನು ಮಂಚದ ಕೆಳಗಿಟ್ಟು ಎದ್ದು ಬಂದೆ. ಅವಳು ನೋವಿನಲ್ಲಿ ಏನೋ ಕಂಡಿರಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ.

ತಿಂಗಳಾದ ಮೇಲೆ ಅದೇ ಬಿಳಿ ಕಾರು ಲಾರಿಯೊಂದರ ಮೇಲೇರಿ ನಮ್ಮ ಗ್ಯಾರೇಜಿಗೇ ಬಂತು. ಪೊಲೀಸರ ಪರವಾಗಿ ತಪಾಸಣೆ ಮಾಡಿದವರಿಗೆ ಬ್ರೇಕಿನಲ್ಲಾಗಲಿ ಸ್ಟೀರಿಂಗಿನಲ್ಲಾಗಲಿ ದೋಷ ಕಂಡಿರಲಿಲ್ಲ. ಅಜಾಗರೂಕ ಚಾಲನೆಯೆಂದು ಡ್ರೈವರಿನ ಮೇಲೆ ಕೇಸಾಗಿತ್ತು. ಕಾರು ಬಿಡಿಸಿಕೊಂಡು ಬಂದ ಮಾಲೀಕ ಮಾಕಳಿಯ ಹಳೆಯ ಊರಿನವನೇ. ಮನೆತನದ ಜಮೀನು ಲೇಔಟುಗಳಾಗಿ ಹೋದ ಮೇಲೆ ಬಾಡಿಗೆ ರೂಮುಗಳನ್ನೂ ನಾಲ್ಕು ಟ್ಯಾಕ್ಸಿಗಳನ್ನೂ ಇಟ್ಟುಕೊಂಡಿದ್ದ. ಆ ಡ್ರೈವರ್ ಅವನದೇ ರೂಮಿನಲ್ಲಿದ್ದವನು. ಅವನ ಹೆಂಡತಿಯನ್ನು ರೂಮು ಖಾಲಿ ಮಾಡಿಸಿಯಾಗಿತ್ತು.

"ಡೆಂಟು, ಪೇಂಟು, ಮುಂದ್ಗಡೆ ಲೈಟು. ಅಷ್ಟೇಯ," ಎಂದು ಅವನು ನಮ್ಮ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಎಂದರೆ ಗ್ಯಾರೇಜಿನ ಯಜಮಾನರು, ನನಗೆ ಕೆಲಸ ಕಲಿಸಿದವರು. "ಬ್ಯಾರೆ ಏನೂ ಬಿಚ್ಚಬ್ಯಾಡಿ."

ಲೈಟಿನ ಕೆಲಸ ನನ್ನದು. ಬ್ಯಾಟರಿ ಕೊಟ್ಟು ಕೀ ತಿರುಗಿಸಿದೆ. ಕೀ ತಿರುಗಿಸಿದ ಕೂಡಲೇ ಮೀಟರಿನಲ್ಲಿ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಬೇಕು. ಇಂಜಿನ್ನಿನದು ಹೊತ್ತಿತು, ಬ್ರೇಕಿನದು ಹೊತ್ತಿತು. ಸ್ಟೀರಿಂಗಿನದು ಹೊತ್ತಲಿಲ್ಲ. ದೀಪ ಸುಟ್ಟಿರಬೇಕೆಂದು ಮೀಟರ್ ಬಿಚ್ಚಿದೆ. ದೀಪ ಸುಟ್ಟಿರಲಿಲ್ಲ. ಅದರ ಮೇಲೆ ಉಗುರಿನಷ್ಟಗಲದ ಕಪ್ಪು ಟೇಪಿನ ತುಂಡನ್ನು ಯಾರೋ ನೀಟಾಗಿ ಅಂಟಿಸಿದ್ದರು.

ಕಾರಿನ ಕಂಪ್ಯೂಟರಿನೊಂದಿಗೆ ಮಾತಾಡುವ ಸ್ಕ್ಯಾನರ್ ತಂದು ಚುಚ್ಚಿದೆ. ಸ್ಟೀರಿಂಗ್ ಟಾರ್ಕ್ ಸೆನ್ಸರ್, ಬಿಟ್ಟು ಬಿಟ್ಟು ಬರುವ ದೋಷ ಎಂದು ಪರದೆಯ ಮೇಲೆ ಬಂತು.

ಈಗಿನ ಕಾರುಗಳಲ್ಲಿ ಸ್ಟೀರಿಂಗ್ ತಿರುಗಿಸುವುದು ನಮ್ಮ ಕೈ ಮಾತ್ರವಲ್ಲ. ಸ್ಟೀರಿಂಗಿನ ದಂಡದೊಳಗೆ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ನಮ್ಮ ಕೈ ಯಾವ ಕಡೆಗೆ, ಎಷ್ಟು ಬಲ ಹಾಕುತ್ತಿದೆ ಎಂದು ಅದು ಕಂಪ್ಯೂಟರಿಗೆ ಹೇಳುತ್ತದೆ. ಆ ಮಾತು ಕೇಳಿ ಒಂದು ಮೋಟಾರು ನಮ್ಮ ಜೊತೆ ತಿರುಗಿಸುತ್ತದೆ. ಕೈ ಸುಮ್ಮನಿದ್ದಾಗ ಸೆನ್ಸರ್ ಸುಳ್ಳು ಹೇಳಿದರೆ ಮೋಟಾರಿಗೇನು ಗೊತ್ತು? ಇದ್ದ ಬಲವನ್ನೆಲ್ಲ ಹಾಕಿ ಎಳೆಯುತ್ತದೆ. ಮರುಕ್ಷಣ ಕಂಪ್ಯೂಟರಿಗೆ ಅನುಮಾನ ಬಂದು ಮೋಟಾರನ್ನು ನಿಲ್ಲಿಸುತ್ತದೆ. ಆಗ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ. ವಾಪಸ್ ತಿರುಗಿಸಲು ಹೋದರೆ ತೋಳು ಸಾಲದು. ಕೀ ತೆಗೆದು ಮತ್ತೆ ಹಾಕಿದರೆ ಎಲ್ಲವೂ ಸರಿಯಾಗಿರುತ್ತದೆ, ಏನೂ ಆಗಿಯೇ ಇಲ್ಲವೆಂಬಂತೆ.

ಇದೆಲ್ಲ ನನಗೆ ಆ ಬೆಳಗ್ಗೆಯೂ ಗೊತ್ತಿತ್ತು. ಗೊತ್ತಿದ್ದೇ, ಹಂಗೆಲ್ಲ ಆಗಲ್ಲ ಎಂದಿದ್ದೆ.

ಸೆನ್ಸರ್ ಚೆನ್ನಾಗಿರಲಿ ಎಂದು ನಾನು ಆಸೆಪಟ್ಟೆ. ನಿಂತ ಕಾರಿನಲ್ಲಿ ವೋಲ್ಟ್ ಅಳೆಯುವ ಮೀಟರು ಹಿಡಿದು ನೋಡಿದೆ. ಅದರಿಂದ ಬರುವ ಎರಡು ಸಿಗ್ನಲ್‌ಗಳೂ ಎರಡೂವರೆ ವೋಲ್ಟಿನಲ್ಲಿ ಅಲುಗಾಡದೆ ನಿಂತಿದ್ದವು. ಎಡಕ್ಕೆ ತಿರುಗಿಸಿದಾಗ ಒಂದು ಏರಿತು, ಇನ್ನೊಂದು ಅಷ್ಟೇ ಇಳಿಯಿತು. ಬಲಕ್ಕೆ ತಿರುಗಿಸಿದರೆ ಅದರ ಉಲ್ಟಾ. ಪಾಠದಲ್ಲಿ ಬರೆದಂತೆ. ನನಗೆ ಉಸಿರು ಬಂತು. ಕಂಪ್ಯೂಟರಿನಲ್ಲಿದ್ದ ದೋಷದ ಕೋಡು ಅಳಿಸಿ, ಒಂದು ಸಲ ಓಡಿಸಿ ನೋಡಿ ಮುಗಿಸೋಣವೆಂದು ಕಾರು ಹೊರಗೆ ತೆಗೆದೆ.

ಸರ್ವಿಸ್ ರಸ್ತೆಯಲ್ಲಿ ಎರಡು ಸುತ್ತು ಏನೂ ಆಗಲಿಲ್ಲ. ಮೂರನೆಯ ಸುತ್ತಿನಲ್ಲಿ ಒಂದು ಹಂಪ್ ಹತ್ತಿಳಿದೆ. ಸ್ಟೀರಿಂಗ್ ನನ್ನ ಕೈಯಿಂದ ಕಿತ್ತುಕೊಂಡು ಎಡಕ್ಕೆ ಹೋಯಿತು. ಯಾರೋ ಬಲವಾದವನು ಪಕ್ಕದಲ್ಲಿ ಕೂತು ಎಳೆದ ಹಾಗೆ. ಹೆಬ್ಬೆರಳು ಸ್ಟೀರಿಂಗಿನ ಕಡ್ಡಿಗೆ ಸಿಕ್ಕಿ ಲಟಕ್ಕೆಂದಿತು. ಬಲಕ್ಕೆ ತಿರುಗಿಸಲು ಮೈಯೆಲ್ಲ ಹಾಕಿದೆ. ಅಷ್ಟರಲ್ಲಿ ಅದು ಬಿಗಿದುಕೊಂಡಿತ್ತು. ಬ್ರೇಕಿನ ಮೇಲೆ ನಿಂತೇಬಿಟ್ಟೆ. ಕಾರು ನಿಂತಾಗ ಬಂಪರಿಗೂ ಹಾಲಿನ ಕ್ಯಾನು ಹೊತ್ತ ಒಂದು ಸೈಕಲ್ಲಿಗೂ ನಡುವೆ ಗೇಣು ಜಾಗವಿತ್ತು. ಸೈಕಲ್ಲಿನ ಮುದುಕ ಭಯಕ್ಕೇ ಬಿದ್ದಿದ್ದ.

ಮೂರು ಜನ ಓಡಿ ಬಂದರು. ಒಬ್ಬ ಬಾನೆಟ್ಟಿನ ಮೇಲೆ ಗುದ್ದಿದ. ಇನ್ನೊಬ್ಬ ನನ್ನ ಪಕ್ಕದ ಗಾಜಿಗೆ ಅಂಗೈಯಿಂದ ಬಡಿದ. "ಇಳಿಯೋ ಕೆಳಗೆ! ಕುಡ್ಕೊಂಡ್ ಓಡಿಸ್ತೀಯೇನೋ ಹಾಡಹಗಲಲ್ಲಿ?" ಮೂರನೆಯವನು ರಸ್ತೆ ಬದಿಯಿಂದ ಸಿಮೆಂಟಿನ ತುಂಡು ಎತ್ತಿಕೊಂಡಿದ್ದ.

ನಾನು ಬಾಗಿಲು ಲಾಕ್ ಮಾಡಿದೆ. ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು: ಸ್ಟೀರಿಂಗ್ ತಾನೇ ತಿರುಗಿತು. ಹೇಳಲು ನಾಲಿಗೆ ಏಳಲಿಲ್ಲ. ಗಾಜಿನಾಚೆಯ ಮುಖಗಳನ್ನು ನೋಡುತ್ತ ಕೂತೆ. ನನ್ನ ಮುಖವೂ ಅವತ್ತು ಅವನಿಗೆ ಹೀಗೇ ಕಂಡಿರಬೇಕು, ಹಲ್ಲು ಕಾಣುವ ಹಾಗೆ.

ಮುದುಕ ಧೂಳು ಕೊಡವಿಕೊಂಡು ಎದ್ದು, "ಓಗ್ಲಿ ಬುಡ್ರಪ್ಪ, ನಂಗೇನೂ ಆಗಿಲ್ಲ," ಎಂದ. ಅವನು ಹಾಗೆ ಹೇಳದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ.

ಗ್ಯಾರೇಜಿಗೆ ಬಂದು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಸ್ಟೀರಿಂಗ್ ದಂಡದ ಹೊದಿಕೆ ತೆಗೆದೆ. ಆ ದಂಡ ಆ ಕಾರಿನದೇ ಅಲ್ಲ. ಗುಜರಿಯಿಂದ ತಂದ ಬೇರೊಂದನ್ನು ಕೂರಿಸಿದ್ದರು. ಸೆನ್ಸರಿನ ಸಾಕೆಟ್ ಹೊಂದಿಕೆಯಾಗದೆ ವೈರುಗಳನ್ನು ಕತ್ತರಿಸಿ, ಹೊಸೆದು, ಟೇಪು ಸುತ್ತಿದ್ದರು. ಟೇಪು ಬಿಚ್ಚಿದೆ. ಒಂದು ವೈರಿನ ತಾಮ್ರದ ಎಳೆಗಳೆಲ್ಲ ತುಂಡಾಗಿ ಎರಡೇ ಎಳೆ ಹಿಡಿದುಕೊಂಡಿದ್ದವು. ಕಾರು ಜೋರಾಗಿ ಕುಲುಕಿದಾಗಲೆಲ್ಲ ಅವೂ ಬಿಡುತ್ತಿದ್ದವು.

ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ಇಂಜಿನ್ ಶುರು ಮಾಡಿ, ಫೋನಿನಲ್ಲಿ ವಿಡಿಯೋ ಹಿಡಿದು ಆ ವೈರನ್ನು ಕಡ್ಡಿಯಿಂದ ಅಲುಗಿಸಿದೆ. ಖಾಲಿ ಸೀಟಿನ ಮುಂದೆ ಸ್ಟೀರಿಂಗ್ ರಪ್ಪನೆ ಎಡಕ್ಕೆ ಹೊಡೆದುಕೊಂಡಿತು. ಕೀ ತೆಗೆದು ಹಾಕಿ ಮತ್ತೆ ಅಲುಗಿಸಿದೆ. ಮತ್ತೆ ಹೊಡೆದುಕೊಂಡಿತು. ಒಟ್ಟು ಐದು ಸಲ ಮಾಡಿದೆ. ಐದನೆಯ ಸಲಕ್ಕೆ ಮೇಸ್ತ್ರಿ ಬಂದು ಹಿಂದೆ ನಿಂತಿದ್ದರು. ವಿಡಿಯೋವನ್ನು ಅವರ ಫೋನಿಗೂ ಕಳಿಸಿದೆ.

"ಸೋಲ್ಡರ್ ಮಾಡಿ ಮುಚ್ಚಿಬಿಡು," ಎಂದರು. "ನಮ್ಗ್ಯಾಕಪ್ಪ ಊರ ಉಸಾಬರಿ?"

"ಆ ಡ್ರೈವರ್‌ಗೆ ನಾನೂ ಹೊಡ್ದಿದ್ದೀನಿ ಮೇಸ್ತ್ರಿ."

"ಇಡೀ ರೋಡೇ ಹೊಡ್ದಿದೆ."

"ಅವರೆಲ್ಲ ನನ್ನ ಕೇಳಿ ಹೊಡೆದ್ರು."

ಅವರು ಒಳಗೆ ಹೋದರು. ಮಾಲೀಕನಿಗೆ ಫೋನ್ ಮಾಡಿದವನು ನಾನೇ. ಅವನ ಬಾಯಿಂದಲೇ ಏನಾದರೂ ನ್ಯಾಯದ ಮಾತು ಬರಬಹುದೆಂಬ ಪೆದ್ದು ಆಸೆಯಿತ್ತು.

ಅವನು ಮಧ್ಯಾಹ್ನ ಊಟದ ಹೊತ್ತಿಗೆ ಬಂದ. ಜೊತೆಗೆ ಇಬ್ಬರು ದಾಂಡಿಗರಿದ್ದರು.

"ಬಿಚ್ಚು ಅಂತ ನಿಂಗ್ಯಾವನ್ಲಾ ಏಳಿದ್ದು?"

"ಅಣ್ಣ, ಇದನ್ನ ಪೊಲೀಸರಿಗೆ ತೋರಿಸ್ಬೇಕು. ಆ ಡ್ರೈವರ್ ತಪ್ಪೇ ಇಲ್ಲ..."

ಮಾತು ಮುಗಿಯಲಿಲ್ಲ. ಮೊದಲ ಏಟಿಗೆ ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. ಒಬ್ಬ ಹಿಂದಿನಿಂದ ಕತ್ತು ಹಿಡಿದು ಕಾರಿನ ಮೇಲೆ ಒತ್ತಿದ. ಮಾಲೀಕ ನನ್ನ ಎಡಗೈ ಹಿಡಿದು, ತೆರೆದಿದ್ದ ಬಾಗಿಲಿನ ಸಂದಿಯಲ್ಲಿಟ್ಟ. ಏನು ಮಾಡುತ್ತಾನೆಂದು ನನಗೆ ಮುಂಚೆಯೇ ತಿಳಿಯಿತು. ತಿಳಿದೂ ಕೈ ಎಳೆದುಕೊಳ್ಳಲಾಗಲಿಲ್ಲ. ಬಾಗಿಲು ಹಾಕಿದ. ಎರಡು ಬೆರಳುಗಳ ಮೂಳೆ ಮುರಿದದ್ದು ನೋವಿಗಿಂತ ಮೊದಲು ಸದ್ದಾಗಿ ಬಂತು. ನಾನು ಕೂಗಿದಾಗ ಇನ್ನೊಬ್ಬ ಹೊಟ್ಟೆಗೆ ಒದ್ದ. ನನ್ನ ಫೋನನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದರು.

ಗ್ಯಾರೇಜಿನ ಶಟರ್ ಇಳಿಯುವ ಸದ್ದು ಕೇಳಿತು. ಇಳಿಸಿದ್ದು ಮೇಸ್ತ್ರಿ. ರಸ್ತೆಯವರಿಗೆ ಕಾಣಬಾರದೆಂದು. ಹನ್ನೊಂದು ವರ್ಷ ನನಗೆ ಅನ್ನ ಕೊಟ್ಟ ಆ ಮನುಷ್ಯ ಶಟರಿಗೆ ಮುಖ ಮಾಡಿ ನಿಂತಿದ್ದ.

ಅವರು ಕಾರು ತೆಗೆದುಕೊಂಡು ಹೋದ ಮೇಲೆ ನನ್ನನ್ನು ಆಸ್ಪತ್ರೆಗೆ ಕರೆದೊಯ್ದದ್ದೂ ಮೇಸ್ತ್ರಿಯೇ. ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದಾಗ ತಮ್ಮ ಫೋನನ್ನು ನನ್ನ ಜೇಬಿಗೆ ತುರುಕಿದರು.

"ವಿಡಿಯೋ ಇದರಲ್ಲೈತೆ. ಅಳಿಸೋಕೆ ಮರ್ತಿದ್ದೆ," ಎಂದರು. ಮರೆತಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಶಟರಿನ ಸದ್ದು ನನ್ನ ತಲೆಯಿಂದ ಹೋಗಲಿಲ್ಲ. ಮುಂದಿನ ತಿಂಗಳು ಆ ಗ್ಯಾರೇಜು ಬಿಟ್ಟೆ.

ಡ್ರೈವರ್ ಜಾಮೀನಿನ ಮೇಲೆ ಹೊರಗೆ ಬಂದಿದ್ದ. ರೂಮು ಹೋದ ಮೇಲೆ ಗಂಡ ಹೆಂಡತಿ ಬಾಡಿಗೆ ಕಡಿಮೆಯೆಂದು ನಗರದ ಇನ್ನೊಂದು ತುದಿಗೆ, ಚಂದಾಪುರಕ್ಕೆ, ಹೋಗಿದ್ದರು. ಪಕ್ಕದ ರೂಮಿನವರಿಂದ ವಿಳಾಸ ತಿಳಿದುಕೊಂಡು, ಮೂರು ಬಸ್ಸು ಬದಲಾಯಿಸಿ ಒಂದು ಭಾನುವಾರ ಬೆಳಗ್ಗೆ ಹುಡುಕಿಕೊಂಡು ಹೋದೆ. ಸಾಲು ರೂಮುಗಳಲ್ಲಿ ಕೊನೆಯದು. ಅವನು ಹೊಸ್ತಿಲ ಬಳಿ ಕೂತಿದ್ದ. ದವಡೆಗೆ ತಂತಿ ಕಟ್ಟಿದ್ದರು. ನಾನು ಮಾತಾಡಿದಾಗ ತಲೆ ತಿರುಗಿಸಿ ಬಲಗಿವಿ ಮುಂದೆ ಮಾಡಿದ. ಒಳಗೆ ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅವನಿಗಾಗಿ ಒಂದು ಬಟ್ಟಲಿನಲ್ಲಿ ಗಂಜಿ ಆರಲಿಟ್ಟಿತ್ತು.

ಅವನು ನನ್ನ ಗುರುತು ಹಿಡಿಯಲಿಲ್ಲ. ಅಷ್ಟು ಮುಖಗಳ ನಡುವೆ ಹೇಗೆ ಹಿಡಿದಾನು? ಗ್ಯಾರೇಜಿನವನು, ನಾಳೆ ಇದನ್ನು ಠಾಣೆಗೆ ಕೊಡುತ್ತೇನೆ ಎಂದಷ್ಟೇ ಹೇಳಿ ವಿಡಿಯೋ ತೋರಿಸಿದೆ. ನಾಲ್ಕು ಸಲ ನೋಡಿದ. ಸ್ಟೀರಿಂಗ್ ಹೊಡೆದುಕೊಂಡಾಗಲೆಲ್ಲ ಅವನ ಮೈ ಬೆಚ್ಚುತ್ತಿತ್ತು.

"ಮೂರ್ ಸಲ ಹೇಳಿದ್ನಿರಿ ಮಾಲಕರಿಗೆ," ಎಂದ, ಹಲ್ಲು ಬಿಡಿಸಲಾಗದೆ ತುಟಿಯಲ್ಲೇ. "ಸ್ಟೇರಿಂಗ್ ದೀಪ ಹತ್ತಾಕತ್ತೈತಿ, ಕೈ ಎಳದಂಗ ಆಗತೈತಿ ಅಂತ. ಒಂದಿನ ಗಾಡಿ ಒಯ್ದು ಮರುದಿನ ಕೊಟ್ರು. ದೀಪ ಹತ್ತಲಿಲ್ರಿ. ರಿಪೇರಿ ಮಾಡ್ಸ್ಯಾರ ಅಂತ ತಿಳ್ಕೊಂಡ್ನಿ."

ಕಪ್ಪು ಟೇಪಿನ ವಿಷಯ ಹೇಳಿದೆ. ಅವನು ನೆಲ ನೋಡಿದ. ಒಳಗೆ ರೊಟ್ಟಿಯ ಸದ್ದು ನಿಂತಿತ್ತು.

"ಬೆರಳಿಗೆ ಏನಾತ್ರಿ? ನಮ್ಮ ಸಲುವಾಗಿ ಯಾಕ ಇಷ್ಟ ಮಾಡಾಕತ್ತೀರಿ?" ಎಂದು ಅವನು ಕೇಳಿದ.

ಬಸ್ಸಿನಲ್ಲಿ ಉದ್ದಕ್ಕೂ ಒಂದು ಮಾತು ಜೋಡಿಸಿಕೊಂಡು ಬಂದಿದ್ದೆ. ಅದು ಮರೆತುಹೋಯಿತು. "ನಿಮ್ಮ ಕಿವಿಗೆ ಹೆಲ್ಮೆಟ್‌ನಲ್ಲಿ ಹೊಡೆದವನು ನಾನು," ಎಂದೆ. "ಸ್ಟೀರಿಂಗ್ ಹಂಗಾಗಲ್ಲ ಅಂತ ಹೇಳಿದವನೂ ನಾನೇ."

ಅವನಿಗಿಂತ ಮೊದಲು ಅವಳು ಎದ್ದಳು. ಒಲೆಯ ಪಕ್ಕದ ಇಕ್ಕಳ ಅವಳ ಕೈಯಲ್ಲಿತ್ತು. ಮೊದಲ ಏಟು ಹೆಗಲಿಗೆ, ಎರಡನೆಯದು ಬೆನ್ನಿಗೆ. "ನನ್ನ ಗಂಡಗ ಕಿವಿ ಕೇಳಾಂಗಿಲ್ಲೋ ಹಾಟ್ಯಾನ! ರಾತ್ರಿ ಎಲ್ಲಾ ತಲಿ ಹಿಡ್ಕೊಂಡು ಅಳತಾನೋ!" ನಾನು ಬಗ್ಗಿ ಕೂತೆ. ಹೊಡೆಯಲಿ ಎನಿಸಿತು. ಹೊಡೆಸಿಕೊಂಡು ಮುಗಿಸಿಬಿಡುವುದು ಎಷ್ಟು ಹಗುರ.

ಅವನು ಎದ್ದು ಅವಳ ಕೈ ಹಿಡಿದ. ನನ್ನ ಮೇಲಿನ ಕರುಣೆಯಿಂದಲ್ಲ. ಅವನ ಕಣ್ಣು ಕೆಂಪಾಗಿ, ಕುತ್ತಿಗೆಯ ನರ ಉಬ್ಬಿತ್ತು.

"ಹೊಡೀಬ್ಯಾಡ. ಹೊಡದ್ರ ಇಂವಗ ಆರಾಮ ಆಗತೈತಿ," ಎಂದ. ನನ್ನ ಕಡೆ ತಿರುಗಿ, "ಠಾಣೆಗೆ ಹೋಗತಿಯಲ್ಲ, ಅದನ್ನೂ ಬರಿ. ನೀ ಹೊಡದದ್ದನ್ನೂ ಬರಿ. ಎದ್ದ ಹೋಗಿನ್ನ," ಎಂದ.

ಸೋಮವಾರ ಠಾಣೆಗೆ ಹೋದೆ. ಸಬ್ ಇನ್‌ಸ್ಪೆಕ್ಟರ್ ವಿಡಿಯೋ ನೋಡಿ ನೆಟ್ಟಗೆ ಕೂತರು. ವೈರಿನ ವಿಷಯ, ದೀಪದ ವಿಷಯ, ನನ್ನ ಬೆರಳು ಮುರಿದ ವಿಷಯ, ಎಲ್ಲ ಬರೆದುಕೊಟ್ಟೆ.

"ಇನ್ನೇನಾದ್ರೂ ಇದೆಯೇನ್ರೀ?"

ಪೆನ್ನು ಕೈಯಲ್ಲೇ ಇತ್ತು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. "ಅಷ್ಟೇ ಸಾರ್," ಎಂದು ಸಹಿ ಹಾಕಿ ಬಂದೆ.

ಪೊಲೀಸರು ಕಾರು ಹುಡುಕಿಕೊಂಡು ಹೋಗುವಷ್ಟರಲ್ಲಿ ಮಾಲೀಕ ಸ್ಟೀರಿಂಗ್ ದಂಡವನ್ನೇ ಬದಲಾಯಿಸಿದ್ದ. ಆದರೆ ಮೀಟರಿನೊಳಗಿನ ಟೇಪು ಅಲ್ಲೇ ಇತ್ತು. ಅದನ್ನು ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ದಂಡ ಕೂರಿಸಿದ ಗುಜರಿಯವನೂ ಸಿಕ್ಕಿಬಿದ್ದು ಬಾಯಿಬಿಟ್ಟ. ಮಾಲೀಕನನ್ನು ಕರೆದೊಯ್ದರು.

ಜನ ನನ್ನನ್ನು ಹೊಗಳಿದರು. ಪಂಕ್ಚರ್ ಅಂಗಡಿಯವನು, "ಸಕ್ಕತ್ ಕೆಲ್ಸ ಮಾಡ್ದೆ ಮಗಾ," ಎಂದು ಬೆನ್ನು ತಟ್ಟಿದ. ಇಕ್ಕಳದ ಏಟು ಬಿದ್ದ ಜಾಗವದು.  ಆರು ದಿನ ಹೀಗೇ ಕಳೆದವು. ಏಳನೆಯ ದಿನ ಮಕ್ಕಳಿಬ್ಬರೂ ಜಗಳವಾಡುತ್ತಿದ್ದರೆಂದು ದೊಡ್ಡವಳ ಮೇಲೆ ಕೈ ಎತ್ತಿದೆ. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಎತ್ತಿದ ಕೈ ಇಳಿಸಿ, ಚಪ್ಪಲಿ ಮೆಟ್ಟಿ ಠಾಣೆಗೆ ನಡೆದೆ.

"ಯಾರೂ ಕೇಳ್ದೇ ಇರುವಾಗ ಯಾಕ್ರೀ ತಲೆ ಕೊಡ್ತೀರಾ?" ಎಂದರು ಸಬ್ ಇನ್‌ಸ್ಪೆಕ್ಟರ್. "ನೀವು ಸಾಕ್ಷಿ ಕಣ್ರೀ. ಆರೋಪಿ ಆಗ್ತೀರಾ."

"ಗೊತ್ತು ಸಾರ್."

"ಜೊತೆಗೆ ಯಾರ್ಯಾರಿದ್ರು?"

ಗೊತ್ತಿದ್ದ ಮೂವರ ಹೆಸರು ಹೇಳಿದೆ. ಪಂಕ್ಚರ್ ಅಂಗಡಿಯವನದೂ ಅದರಲ್ಲಿತ್ತು. ಮರುದಿನ ಅವನು ನನ್ನ ಮುಖದ ಮೇಲೆ ಉಗಿದ. ಆ ರಸ್ತೆಯಲ್ಲಿ ನನ್ನೊಂದಿಗೆ ಈಗ ಮಾತಾಡುವವರು ಕಡಿಮೆ. ಅಕ್ಕ ಮಾತಾಡುತ್ತಾಳೆ. ಅವಳು ಕುಂಟುತ್ತಲೇ ಮತ್ತೆ ಗಾಡಿ ಇಟ್ಟಿದ್ದಾಳೆ, ರಸ್ತೆಯಿಂದ ದೂರಕ್ಕೆ, ಕಾಂಪೌಂಡಿನ ಒಳಗೆ.

ಅಜಾಗರೂಕ ಚಾಲನೆಯ ಕೇಸಿನಿಂದ ಡ್ರೈವರ್ ಹೊರಗೆ ಬಂದ. ಕಿವಿ ಮಾತ್ರ ವಾಪಸ್ ಬರಲಿಲ್ಲ. ಮತ್ತೆ ಸ್ಟೀರಿಂಗ್ ಹಿಡಿಯಲೂ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಗೋದಾಮಿನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದ. ಹಲ್ಲೆಯ ಕೇಸಿನಲ್ಲಿ ಅವನು ಸಾಕ್ಷಿ ಹೇಳುವ ದಿನ ಬಂದಾಗ ಎರಡು ವರ್ಷವಾಗಿತ್ತು. ನಾನು ಕಟಕಟೆಯಲ್ಲಿದ್ದೆ. ಹೊಡೆದವರು ಯಾರೆಂದು ತೋರಿಸಲು ಹೇಳಿದಾಗ, ಉಳಿದ ಮೂವರ ಮುಂದೆ ತಡವರಿಸಿದವನು ನನ್ನ ಮುಂದೆ ತಡವರಿಸಲಿಲ್ಲ.

ನಮ್ಮ ವಕೀಲರು ಎದ್ದು ನಿಂತರು. "ನಿಮ್ಮನ್ನ ಕೇಸಿಂದ ಬಿಡಿಸಿದ್ದು ಇವರೇ ಅಲ್ವೇನ್ರಿ? ಬೆರಳು ಮುರಿಸಿಕೊಂಡಿದ್ದಾರೆ. ತಾವೇ ಬಂದು ತಪ್ಪು ಒಪ್ಪಿಕೊಂಡಿದ್ದಾರೆ. ಇವರ ಜೊತೆ ರಾಜಿ ಆಗೋಕೆ ನಿಮ್ಗೆ ಏನು ತೊಂದರೆ?"

ಅವನು ತಲೆ ತಿರುಗಿಸಿ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡ. ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ನೋಡಿದ. ಆ ನೋಟದಲ್ಲಿ ದ್ವೇಷವೂ ಇರಲಿಲ್ಲ, ಇನ್ನೊಂದೂ ಇರಲಿಲ್ಲ.

"ರಾಜಿ ಆಗೂದಿಲ್ರಿ," ಎಂದ.

ವಕೀಲರಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಮುಂದಿನ ತಾರೀಖನ್ನು ಚೀಟಿಯಲ್ಲಿ ಬರೆದುಕೊಂಡು ಹೊರಗೆ ಬಂದೆ.